ಅಮ್ಮನ ಪಕ್ಕದ ಗೋಪುರ

ಲೇರ್, ಭಾನುವಾರ ಸಂಜೆ

ಪ್ರೀತಿಯ ಅಪ್ಪಾ,

ನಿಮ್ಮ ಕೆಮ್ಮು ಹೇಗಿದೆ? ಇವತ್ತು ಕ್ಯಾಮೆರಾ ಹಿಡಿದು ಹಳೆಯ ಚರ್ಚುಗಳನ್ನು ಸುತ್ತಿ ಬಂದೆ. ನೀವು ನಮ್ಮನ್ನು ಕರೆದೊಯ್ಯುತ್ತಿದ್ದ ವಾಲುಗೋಪುರದ ಚರ್ಚಿಗೂ ಹೋಗಿದ್ದೆ. ಅದರ ಬೀಗದ ಕೈ ಈಗಲೂ ಚರ್ಚಿನ ಪಕ್ಕದ ಮನೆಯ ಊಕೆನ್ ಅಜ್ಜಿಯ ಹತ್ತಿರವೇ ಇದೆ. ಚಹಾ ಕುಡಿಸದೆ ಅವರು ಅದನ್ನು ಕೊಡುವವರಲ್ಲ.

ನಾನು ಕ್ಯಾಮೆರಾ ಓರೆ ಮಾಡಿ ಗೋಪುರ ನೆಟ್ಟಗೆ ಕಾಣುವಂತೆ ಮಾಡಲು ನೋಡುತ್ತಿದ್ದಾಗ ಅಜ್ಜಿ ಕಿಟಕಿಯಿಂದಲೇ ಕೂಗಿದರು: "ನೀನೂ ನಿಮ್ಮಪ್ಪನ ಥರಾನೇ ಆದ್ಯಲ್ಲೇ! ಗೋಪುರ ನೆಟ್ಟಗೆ ಮಾಡಕ್ಕೆ ಹೋದ್ರೆ ಫೋಟೋದಲ್ಲಿ ವಾಲೋದು ನಮ್ ಮನೆ ಕಣೇ!"

ಆಗ ನೀವು ತೆಗೆದು ನಿಮ್ಮ ಗೋಡೆಯ ಮೇಲೆ ಹಾಕಿರುವ ಫೋಟೋ ನೆನಪಾಯಿತು. ಅದರಲ್ಲಿ ಗೋಪುರ ಕಂಬದ ಹಾಗೆ ನೆಟ್ಟಗಿದೆ, ಪಕ್ಕದಲ್ಲಿ ಅಮ್ಮ ವಾಲಿಕೊಂಡು ನಿಂತಿದ್ದಾಳೆ. "ಒಂದು ಫೋಟೋಗೂ ನೆಟ್ಟಗೆ ನಿಲ್ಲಕ್ಕೆ ಬರಲ್ಲ ಇವಳಿಗೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಿರಿ. ಅಮ್ಮನೂ ಅದನ್ನೇ ನಂಬಿಬಿಟ್ಟಿದ್ದಳು.

ಅದರ ನೆಗೆಟಿವ್ ಕಳಿಸಿಕೊಡಿ. ಅಮ್ಮ ಬೇರೆ ಮನೆ ಮಾಡಿದ್ದಾಳಲ್ಲ, ಅಲ್ಲಿ ಗೋಡೆಗಳು ಇನ್ನೂ ಬರಿದಾಗಿವೆ. ಈ ಸಲ ಪ್ರಿಂಟ್ ನಾನು ಹಾಕಿಸುತ್ತೇನೆ. ಗೋಪುರ ಇರುವ ಹಾಗೇ ವಾಲಿಕೊಂಡಿರಲಿ. ಅಮ್ಮ ನೆಟ್ಟಗೆ ನಿಲ್ಲಲಿ.

ನಿಮ್ಮ ಮಗಳು,
ಗೆಸ್ಕೆ