ಬಲಕ್ಕೆ ಬೆನ್ನಿಟ್ಟ ಭಾಷಣಗಳು

ಫೆಬ್ರವರಿ ೧೧, ಸಂಜೆ

ಸೌದಿಯ ಈ ಖಮೀಸ್ ಊರಿನಲ್ಲಿ ಚಳಿ. ಗೋಂದು ಒಣಗುತ್ತಿಲ್ಲ. ಎರಡು ಅರಬಿ ಪಠ್ಯಗಳ ಬೈಂಡಿಂಗ್ ಮುಗಿಸಿದೆ. ಆಮೇಲೆ ನರ್ಸ್ ಮರಿಸೆಲ್ ಬಂದಳು — ಫಿಲಿಪೈನ್ಸಿನವಳು, ನನ್ನ ಹೆಂಡತಿ ಸಫಿಯಾಳ ಕಾಲಿನ ಹುಣ್ಣು ವಾಸಿ ಮಾಡಿದವಳು. ಕೈಯಲ್ಲಿ ಬಿಡಿ ಹಾಳೆಗಳ ಕಟ್ಟು. ಅವರ ದೇಶದ ಹಳೆಯ ನಾಯಕರೊಬ್ಬರ ಇಂಗ್ಲಿಷ್ ಭಾಷಣಗಳು. ಅವಳ ಅಪ್ಪ ಹುಡುಗನಾಗಿದ್ದಾಗ ಪೇಪರಿನಿಂದ ಕತ್ತರಿಸಿ ಅಂಟಿಸಿದ್ದು. ಅವಳು ಸೌದಿಗೆ ಹೊರಡುವಾಗ ಬ್ಯಾಗಿಗೆ ತುರುಕಿದ್ದರಂತೆ.

"ಬಾಬಾ, ಗಟ್ಟಿ ರಟ್ಟು ಹಾಕಿ. ಅಪ್ಪನಿಗೆ ಸ್ಟ್ರೋಕ್ ಆಗಿ ಮಾತು ನಿಂತಿದೆ. ಇದನ್ನು ಗಟ್ಟಿಯಾಗಿ ಓದುತ್ತಿದ್ದರು. ಊರಿಗೆ ಹೋಗಿ ಕೈಗೆ ಕೊಟ್ಟರೆ ಒಂದು ಮಾತಾದರೂ ಬಂದೀತು..."

ಫೆಬ್ರವರಿ ೧೩

ಹೊಲಿದೆ, ಅಂಟಿಸಿದೆ, ಅಂಚು ಕತ್ತರಿಸಿದೆ. ಕೆಂಪು ರೆಕ್ಸಿನ್. ಚಂದ ಬಂತೆಂದು ಸಫಿಯಾಳಿಗೆ ತೋರಿಸಿದೆ.

"ಎಂತ ಮಾರಾಯ್ರೆ ಇದು! ಇಂಗ್ಲಿಷ್ ಪುಸ್ತಕ ಅಲ್ವಾ? ಬೆನ್ನು ಬಲಕ್ಕೆ ಹಾಕಿದ್ದೀರಲ್ಲ!"

ಯಾ ಅಲ್ಲಾಹ್. ಇಷ್ಟು ವರ್ಷ ಬಲಕ್ಕೆ ಬೆನ್ನಿರುವ ಅರಬಿ ಪುಸ್ತಕ ಕಟ್ಟಿದ ಕೈ. ತಾನಾಗಿಯೇ ಬಲಬದಿ ಹೊಲಿದಿದೆ. ಬಿಚ್ಚೋಣವೆಂದರೆ ಎಡದ ಅಂಚು ಮೆಷಿನ್‌ನಲ್ಲಿ ಹೋಗಿದೆ. ಇನ್ನು ಅಲ್ಲಿ ಹೊಲಿದರೆ ಸೂಜಿ ಅಕ್ಷರದ ಮೇಲೆಯೇ.

"ಹೇಳದೆ ಕೊಟ್ಟುಬಿಡಲಾ?"

"ನಾಚಿಕೆ ಆಗಲ್ವಾ ನಿಮಗೆ? ನನ್ನ ಕಾಲು ಕೊಳೀತಿದೆ ಅಂತ ಆ ಹುಡುಗಿ ಮುಚ್ಚಿಟ್ಟಳಾ? ಬಾಯಿಬಿಟ್ಟು ಹೇಳಿ."

ಫೆಬ್ರವರಿ ೧೪

ಹೇಳಿದೆ. ಮರಿಸೆಲ್ ಅಭ್ಯಾಸದಂತೆ ಬೆನ್ನನ್ನು ಎಡಕ್ಕಿಟ್ಟು ತೆರೆದಳು. ಕೊನೆಯ ಭಾಷಣವೇ ಮೊದಲು ಸಿಕ್ಕಿತು. ಮುಖ ಬಾಡಿತು.

"ಇದೊಂದನ್ನು ಅಪ್ಪ ಯಾವತ್ತೂ ಓದಿಲ್ಲ, ಬಾಬಾ. ಇದಾದ ಮೇಲೆ ಆ ನಾಯಕರು ಬದುಕಲಿಲ್ಲ. ಇದರ ಹಿಂದಿನದಕ್ಕೇ ಕಟ್ಟು ಮಡಚಿಬಿಡುತ್ತಿದ್ದರು. ಓದದಿದ್ದರೆ ಅವರು ಇನ್ನೂ ಇದ್ದಾರೆ ಅಂತ..."

ಅವಳ ವಿಮಾನ ಸಂಜೆಗೆ. ಪುಸ್ತಕವನ್ನು ಎದೆಗೊತ್ತಿ ಎದ್ದಳು.

"ಅಪ್ಪ ಮುಂಗೋಪಿ. ನಿಮ್ಮನ್ನು ಬೈಯಲಿಕ್ಕಾದರೂ ಬಾಯಿ ತೆರೆದರೆ ಸಾಕು, ಬಾಬಾ!"

ನಕ್ಕಳು. ನನಗೆ ನಗು ಬರಲಿಲ್ಲ.

ಮಾರ್ಚ್ ೨

ಸುದ್ದಿಯಿಲ್ಲ. ಫೋನ್ ಮಾಡಲು ಧೈರ್ಯವೂ ಇಲ್ಲ. ಬೆನ್ನು ಯಾವ ಕಡೆಗೆ ಎಂದು ಈಗ ಪ್ರತಿ ಗಿರಾಕಿಯನ್ನೂ ಕೇಳುತ್ತೇನೆ. ಮುದುಕನಿಗೆ ಮರುಳು ಎಂದುಕೊಳ್ಳುತ್ತಾರೆ.

ಮಾರ್ಚ್ ೧೯, ಬೆಳಗಿನ ಫಜರ್ ನಮಾಝ್ ಮುಗಿಸಿ

ವಾಟ್ಸಾಪ್‌ನಲ್ಲಿ ವಿಡಿಯೋ. ಮರಿಸೆಲ್‌ಳ ಅಪ್ಪ ಕುರ್ಚಿಯಲ್ಲಿ. ತೊಡೆಯ ಮೇಲೆ ಕೆಂಪು ರಟ್ಟು. ಅವರೂ ಬೆನ್ನನ್ನು ಎಡಕ್ಕಿಟ್ಟೇ ತೆರೆದರು. ಆ ಭಾಷಣ. ತುಂಬ ಹೊತ್ತು ನೋಡಿದರು. ಮುಚ್ಚುತ್ತಾರೆ ಎಂದುಕೊಂಡೆ... ಮುಚ್ಚಲಿಲ್ಲ. ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಗಂಟಲಲ್ಲಿ ಏನೋ ಗೊರಗೊರ. ಆಮೇಲೆ ಒಂದು ಇಂಗ್ಲಿಷ್ ಶಬ್ದ — "ಮೈ". ಅಲ್ಲಿಗೆ ತಡೆಯಿತು. ಕಣ್ಣಲ್ಲಿ ನೀರು. ಹಿಂದಿನಿಂದ ಮರಿಸೆಲ್‌ಳ ದನಿ, "ಮುಂದೆ, ಅಪ್ಪಾ, ಮುಂದೆ." ನನ್ನ ಹೆಗಲ ಹಿಂದೆ ಸಫಿಯಾ, ಅವರಿಗೆ ಕೇಳಿಸುತ್ತದೇನೋ ಎಂಬ ಹಾಗೆ, "ಓದಿ ಮಾರಾಯ್ರೆ, ಓದಿ!" ಮುದುಕರು ಉಸಿರು ಎಳೆದುಕೊಂಡು, ಬೆರಳು ಒಂಚೂರು ಸರಿಸಿ, ಮುಂದಿನ ಶಬ್ದಕ್ಕೆ ಬಾಯಿ ತೆರೆದರು.