ಬುಲೆಟ್ಟಿನ ಮುರಿದ ಕಿವಿ

ನವೆಂಬರ್ 5, ಮಂಗಳವಾರ. ಬೆಳಿಗ್ಗೆ

ಬುಲೆಟ್ಟಿಗೆ ಕಿಕ್ ಹೊಡೆದು ಹೊಡೆದು ಮೊಣಕಾಲು ಬಿದ್ದುಹೋಯಿತು. ಒಮ್ಮೆ ಡುಗ್ ಅಂತು, ಮತ್ತೆ ಗಪ್ಪು. ಕಾರ್ಬುರೇಟರಿನ ಕೆಳಗೆ ಪೆಟ್ರೋಲು ತಟತಟ ಸೋರುತ್ತಿದೆ. ನಿನ್ನೆ ಸೋರುವಲ್ಲಿ ಸಾಬೂನು ಮೆತ್ತಿದ್ದೆ. ಬೆಳಗಿನತನಕ ತಡೆಯಿತು, ಅಷ್ಟೆ.

ಹೆಂಡತಿ ಮಾಯವ್ವ ಬುಟ್ಟಿ ಹಿಡಿದು ಹೊಲಕ್ಕೆ ಹೊರಟವಳು ನಿಂತು ನೋಡಿದಳು. "ಒಂದಾ ಅದನ್ನ ಮಾರ್ರಿ, ಇಲ್ಲಾ ನನ್ನ ಮಾರ್ರಿ. ಮನಿ ತುಂಬ ಪೆಟ್ರೋಲ್ ನಾತ."

ನಿನ್ನನ್ನು ಯಾರು ಕೊಳ್ಳುತ್ತಾರೆ ಎಂದು ಬಾಯಿಗೆ ಬಂದಿತ್ತು. ನುಂಗಿದೆ. ಅವಳಿನ್ನೂ ರೊಟ್ಟಿ ಕಟ್ಟಿಕೊಟ್ಟಿರಲಿಲ್ಲ.

ಟಂಟಂ ಆಟೋಕ್ಕೆ ಹೇಳಿದ್ದೇನೆ. ಅದರಲ್ಲಿ ಗಾಡಿ ಹೇರಿಕೊಂಡು ಅಸೂಟಿಯಿಂದ ರೋಣಕ್ಕೆ. ಗೌಸುಸಾಬನ ಗ್ಯಾರೇಜಿಗೆ. ಇನ್ನೆಲ್ಲಿಗೆ? ನಾನು ರೋಣ ಡಿಪೋದಲ್ಲಿ ಕಂಡಕ್ಟರ್ ಆಗಿದ್ದಾಗಿನಿಂದ, ರಿಟೈರ್ ಆಗಿ ಊರಿಗೆ ಬಂದ ಮೇಲೂ, ಈ ಬುಲೆಟ್ಟಿಗೆ ಕೈ ಹಚ್ಚಿದವನು ಅವನೊಬ್ಬನೇ.

ಅದೇ ದಿನ, ಸಂಜೆ

ಆಗಬಾರದ್ದು ಆಯಿತು.

ಗೌಸುವಿನ ಕೈ ನಡುಗುವುದು ಗೊತ್ತಿತ್ತು. ಹೋದ ರಂಜಾನಿನಿಂದ ಹಾಗೆ. ಚಹಾದ ಕಪ್ಪು ಅರ್ಧ ತುಂಬಿಸಿಕೊಳ್ಳುತ್ತಾನೆ. ನಾನೂ ನೋಡಿಲ್ಲದಂತೆ ಇರುತ್ತೇನೆ. ಇವತ್ತು ಕಾರ್ಬುರೇಟರು ಬಿಚ್ಚಿದ, ಒಳಗಿನ ಸೂಜಿ ಸವೆದಿತ್ತು, ಬೇರೆ ಹಾಕಿದ. ಸೋರುವುದು ನಿಂತಿತು. ತೊಳೆದು ಬಿಸಿಲಿಗೆ ಒಣಗಿಸಿದವನು ನಾನು. ಅಲ್ಲಿಯವರೆಗೆ ಎಲ್ಲ ಚಲೋ.

ಅದನ್ನು ಎಂಜಿನ್ನಿಗೆ ಕೂಡಿಸುವ ಕಡೆ ಎರಡು ಕಿವಿಗಳಿವೆ, ಒಂದೊಂದಕ್ಕೆ ಒಂದು ನಟ್ಟು. ಮೊದಲೆಲ್ಲ ಎರಡು ಬೆರಳಲ್ಲಿ ಪಾನಾ ಹಿಡಿದು, ಬಿಗಿ ನೋಡಿ ನೋಡಿ ತಿರುವುತ್ತಿದ್ದ. ಈಗ ಬೆರಳು ನಿಲ್ಲುವುದಿಲ್ಲ. ಮುಷ್ಟಿ ಹಿಡಿದು ತಿರುವಿದ. ಟಕ್ ಅಂತು. ಒಂದು ಕಿವಿ ಮುರಿದು ನೆಲಕ್ಕೆ ಬಿತ್ತು.

"ಮೊದಲಽ ಸೀಳಿತ್ತಿದು," ಅಂದ.

ಸೀಳಿರಲಿಲ್ಲ. "ಹೌದು, ಸೀಳಿದಂಗಽ ಇತ್ತು," ಅಂದೆ.

ಅಷ್ಟರಲ್ಲಿ ನಿಲೋಫರ. ಅವನ ಮಗಳು, ಉರ್ದು ಶಾಲೆಯಲ್ಲಿ ಟೀಚರು. ಶಾಲೆ ಬಿಟ್ಟ ಮೇಲೆ ಅಪ್ಪನನ್ನು ಕರೆದೊಯ್ಯಲು ಸ್ಕೂಟಿ ತರುತ್ತಾಳೆ. ಹೋದ ತಿಂಗಳು ಅವನು ಯಾರದೋ ಹೆಡ್‌ಲೈಟ್ ಕೈಬಿಟ್ಟು ಒಡೆದಿದ್ದ. ಅದಕ್ಕೂ ಮೊದಲು ಬ್ಯಾಟರಿ ಕಾಲ ಮೇಲೆ ಕೆಡವಿಕೊಂಡಿದ್ದ. ಇನ್ನೊಂದೇನಾದರೂ ಆದರೆ ಗ್ಯಾರೇಜಿಗೆ ಬೀಗ ಅಂತ ಅವಳು ಹೇಳಿಯಾಗಿತ್ತು.

ನೆಲದ ಮೇಲಿನ ಚೂರು ನೋಡಿದಳು. "ಇದೇನ ಅಬ್ಬಾ?"

ಅವನು ಬಾಯಿ ಬಿಡುವುದರೊಳಗೆ ನಾನು ಬಿಟ್ಟೆ. "ನಾನಽ ಮುರದೇನವ್ವಾ. ನಾನೊಂದೀಟ ಬಿಗಿ ಮಾಡ್ತೀನಂತ ಹ್ವಾದೆ."

"ನಿಮಗ್ಯಾಕ ಬೇಕಾಗಿತ್ರಿ ಕಾಕಾ ಈ ಉಸಾಬರಿ?" ಸಿಟ್ಟು ಮಾಡಿದಳು, ಆದರೆ ನಂಬಿದಳು.

ಗೌಸು ನನ್ನ ಕಡೆ ನೋಡಲೇ ಇಲ್ಲ. ಇರಲಿ. ಬೀಗ ತಪ್ಪಿತಲ್ಲ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿ ರೊಟ್ಟಿ ಒಂದು ಹೆಚ್ಚೇ ಇಳಿಯಿತು.

ನವೆಂಬರ್ 6, ಬುಧವಾರ

ನರಗುಂದಕ್ಕೆ ಬಸ್ಸಿನಲ್ಲಿ. ಅಲ್ಲಿ ಹಳೇ ಗಾಡಿ ಒಡೆದು ಸಾಮಾನು ಮಾರುವವನಿದ್ದಾನೆ. ಮಾಯವ್ವನೂ ಬಂದಳು, ತಂಗಿ ನೀಲಾಳ ಮನೆಗೆ. ಅವಳಿಗೆ ಫ್ರೀ. ಜೀವನವೆಲ್ಲ ಊರಿಗೆ ಟಿಕೆಟ್ ಹರಿದುಕೊಟ್ಟ ನಾನು ದುಡ್ಡು ಕೊಟ್ಟು ಕುಳಿತೆ. ಅವಳು ಹಾದಿಯುದ್ದಕ್ಕೂ ಕಿಸಿಕಿಸಿ ನಕ್ಕಳು.

ಸಾಮಾನು ಸಿಗಲಿಲ್ಲ. ಇದ್ದದ್ದೊಂದು ಕಾರ್ಬುರೇಟರಿಗೆ ಎರಡೂ ಕಿವಿ ಇರಲಿಲ್ಲ.

ಹಾಗೇ ರೋಣಕ್ಕೆ ಹೋದೆ. ಚಹಾ ತರಿಸಿದೆ, ಗೌಸು ಮುಟ್ಟಲಿಲ್ಲ. ಏನಾಯ್ತೋ ಅಂದದ್ದೇ ತಡ, ಸಿಡಿದ.

"ನನ್ನ ಗ್ಯಾರೇಜಿನ್ಯಾಗ ನಿಂತು ನನ್ನ ಸಲುವಾಗಿ ಸುಳ್ಳ ಹೇಳಾಕ ನೀ ಯಾರಲೇ? ನಾ ಒಂದ ಸುಳ್ಳ ಹೇಳಿದೆ, ಖರೇ. ಹೇಳಿದ ಕೂಡಲೇ ನಾಚಿಕಿ ಆತು. ತಿದ್ದಿ ಹೇಳಬೇಕಂತ ಬಾಯಿ ತೆಗಿಯೂದ್ರಾಗ ನೀ ನಡುವ ಹೊಕ್ಕಿ. ನನ್ನ ಮಗಳ ಮುಂದ ನನ್ನ ಸಣ್ಣಾಂವನ ಮಾಡಿದಿ."

"ಬೀಗ ಹಾಕ್ತಾಳಂತ…"

"ಬೀಗ ಅಕೀ ಯಾಕ ಹಾಕಬೇಕು? ಮುಂಜಾನೆ ಎಲ್ಲಾ ಹೇಳೇನಿ ಅಕೀಗೆ. ನಾನಽ ಹಾಕ್ತೀನಿ. ಈ ಗಾಡಿ ಒಂದು. ಇದು ಸಜ್ಜ ಆತಂದ್ರ ಮುಗೀತು."

ಹುಬ್ಬಳ್ಳಿಯಿಂದ ಹೊಸದೇ ತರುತ್ತೇನೆ ಬಿಡು ಅಂದೆ. ನಾನು ಕೆನ್ನೆಗೆ ಬಾರಿಸಿದೆನೇನೋ ಅನ್ನುವಂತೆ ನೋಡಿದ. "ನಾ ಮುರದದ್ದು. ನಾನಽ ಕೂಡಸಾಂವ."

ನವೆಂಬರ್ 7

ಏನೂ ಬರೆಯಲು ಮನಸ್ಸಿಲ್ಲ.

ನವೆಂಬರ್ 9, ಶನಿವಾರ

ಗಜೇಂದ್ರಗಡ. ಕಬ್ಬಿಣ ಕಡೆಯುವ ಸಣ್ಣಪ್ಪನ ಲೇತ್ ಅಂಗಡಿ.

ಕಾರ್ಬುರೇಟರಿನ ಲೋಹ ವೆಲ್ಡಿಂಗ್ ತಡೆಯುವುದಿಲ್ಲವಂತೆ, ಬೆಲ್ಲದ ಹಾಗೆ ಕರಗಿ ಇಳಿಯುತ್ತದಂತೆ. ಅದಕ್ಕೆ ಗೌಸು ಬೇರೆ ಉಪಾಯ ಮಾಡಿದ್ದಾನೆ. ಕಿವಿಯ ಹಿಂದೆ ಒಂದು ಉಕ್ಕಿನ ಪಟ್ಟಿ. ನಡುವೆ ಕಾರ್ಬುರೇಟರಿನ ಕುತ್ತಿಗೆಯನ್ನು ಅಪ್ಪಿ ಹಿಡಿಯುವಂತೆ ಅರ್ಧಚಂದ್ರ, ಎರಡು ತುದಿಗೆ ಎರಡು ತೂತು. ನಟ್ಟಿನ ಬಿಗಿಯೆಲ್ಲ ಪಟ್ಟಿಯ ಮೇಲೆ. ಕಿವಿ ಇದ್ದರೇನು, ಹೋದರೇನು. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೊಟ್ಟಿದ್ದ. ಅಂಚು ಹಲ್ಲುಹಲ್ಲಾಗಿತ್ತು.

ಸಣ್ಣಪ್ಪ ಅದನ್ನು ಕಾರ್ಬುರೇಟರಿಗೆ ಹಿಡಿದು ನೋಡಿದ. "ಬರೋಬ್ಬರಿ ಕೂಡತೈತ್ರಿ. ಯಾರ್ ಮಾಡ್ಯಾರ್ರಿ ಇದನ್ನ?"

"ರೋಣದ ಗೌಸುಸಾಬ," ಅಂದೆ. ಹೇಳುವಾಗ ಎದೆ ಉಬ್ಬಿತು. ಮಂಗಳವಾರ ಬರ್ರಿ ಅಂದ.

ನವೆಂಬರ್ 12, ಮಂಗಳವಾರ

ಸಣ್ಣಪ್ಪನ ಫೋನು. ಪಟ್ಟಿ ತಯಾರು.

ನೆಗಡಿಯಾಗಿದೆ, ಆಮೇಲೆ ಬರುತ್ತೇನೆ ಅಂದೆ. ಕಾರ್ಬುರೇಟರೂ ಅಲ್ಲೇ ಇರಲಿ. ನೆಗಡಿಯೂ ಇಲ್ಲ, ಏನೂ ಇಲ್ಲ. ಹೊಲದಲ್ಲಿ ಮಾಯವ್ವನ ಜೊತೆ ಕಡಲೆಯ ಕುಡಿ ಚಿವುಟುತ್ತಿದ್ದೆ. ಕೈಯೆಲ್ಲ ಹುಳಿ.

ಪಟ್ಟಿ ಬಂದರೆ ಗಾಡಿ ಆಗುತ್ತದೆ. ಗಾಡಿ ಆದರೆ ಬೀಗ. ಬೀಗ ಬಿದ್ದರೆ ನಾನು ರೋಣಕ್ಕೆ ಹೋಗುವುದು ಯಾತಕ್ಕೆ?

ಆ ಗ್ಯಾರೇಜಿನಲ್ಲಿ ಯಾವ ಪಾನಾ ಯಾವ ಮೊಳೆಗೆ ತೂಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಗೌಸುವಿನ ಮನೆ ಯಾವ ಓಣಿಯಲ್ಲಿದೆ, ಗೊತ್ತಿಲ್ಲ. ಒಮ್ಮೆಯೂ ಹೋಗಿಲ್ಲ. ಅವನೂ ಅಸೂಟಿ ನೋಡಿಲ್ಲ. ಗಾಡಿ ಕೆಡುತ್ತಿತ್ತು, ನಾನು ಹೋಗುತ್ತಿದ್ದೆ. ಕೆಡದಿದ್ದರೆ ಕೆಟ್ಟೀತೇನೋ ಅಂತ ತೋರಿಸಲು ಹೋಗುತ್ತಿದ್ದೆ. ಡಿಪೋದ ಜನ ಎಲ್ಲ ಎಲ್ಲೆಲ್ಲೋ ಆದರು. ನನಗೆ ಗೆಳೆಯ ಅಂತ ಇರುವವನು ಇವನೊಬ್ಬ. ಬರೆಯಲು ನಾಚಿಕೆ, ಆದರೂ ಖರೇ.

ನವೆಂಬರ್ 15, ಶುಕ್ರವಾರ

ಗೌಸು ಫೋನ್ ಮಾಡಿದ, ನಮಾಜು ಮುಗಿಸಿಕೊಂಡು. ಪಟ್ಟಿ ಏನಾತು? ಗಜೇಂದ್ರಗಡದಲ್ಲಿ ಕರೆಂಟ್ ಇಲ್ಲ ಅಂದೆ.

ನವೆಂಬರ್ 18

ಮತ್ತೆ ಫೋನು. ಸಣ್ಣಪ್ಪ ಹೊಳೆಮಣ್ಣೂರಿಗೆ ಬಸುರಿ ಮಗಳ ಕುಬುಸಕ್ಕೆ ಹೋಗಿದ್ದಾನೆ ಅಂದೆ. ಸಣ್ಣಪ್ಪನಿಗೆ ಮಗಳಿದ್ದಾಳೋ ಇಲ್ಲವೋ, ದೇವರಿಗೇ ಗೊತ್ತು.

ನವೆಂಬರ್ 19, ಮಂಗಳವಾರ

ಸಿಕ್ಕಿಬಿದ್ದೆ.

ಗೌಸು ತಾನೇ ಸಣ್ಣಪ್ಪನಿಗೆ ಫೋನ್ ಹಚ್ಚಿದ್ದಾನೆ. ಆಮೇಲೆ ನನಗೆ. "ಪಟ್ಟಿ ತಯಾರಾಗಿ ವಾರ ಆತಂತಲ್ಲಲೇ ಕಂಡಕ್ಟರ್? ಆ ಸಣ್ಣಪ್ಪಗ ಇನ್ನೂ ಲಗ್ನಽ ಆಗಿಲ್ಲಂತ. ಮಗಳನ್ನ ಎಲ್ಲಿಂದ ತಂದಿ?"

ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ನೀ ಯಾಕ ತಡಾ ಮಾಡಾಕತ್ತಿ, ತಿಳೀತೈತಿ ನನಗ," ಅಂದ. "ಬೀಗ ಹಾಕೂದು ನನಗೇನ ಗಡಿಬಿಡಿ ಇಲ್ಲ. ಆದ್ರ ಕೈ ದಿನಾ ಒಂದೀಟ ಕಡಿಮಿ ಆಗಾಕತ್ತಾವ. ಈ ವಾರ ಆಗೂದು ಮುಂದಿನ ವಾರ ಆಗಂಗಿಲ್ಲ. ನಿನ್ನ ಗಾಡಿ ಮುರದು ಇಟ್ಟು ಮನ್ಯಾಗ ಕುಂತಾಂವ ಅಂತ ಆಗಬಾರದು ನಾನು."

ಇದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ನನ್ನ ಚಿಂತೆ ನನಗೆ. ಅವನ ಕೊನೆಯ ಕೆಲಸ ಅವನ ಕೈ ತಪ್ಪಿಸಿ ಬಿಡುತ್ತಿದ್ದೆನಲ್ಲ! ನನ್ನಂಥ ಖೋಡಿ ಇನ್ನೊಬ್ಬನಿಲ್ಲ. ಚಪ್ಪಲಿ ಮೆಟ್ಟಿದೆ, ಮಧ್ಯಾಹ್ನದ ಬಸ್ಸು ಹಿಡಿದೆ. ಗಜೇಂದ್ರಗಡ ಮುಟ್ಟುವವರೆಗೆ ಸೀಟಿನಲ್ಲಿ ಸಮಾಧಾನವಾಗಿ ಕುಳಿತದ್ದಿಲ್ಲ.

ನವೆಂಬರ್ 20, ಬುಧವಾರ. ಸಂಜೆ

ಆಯಿತು.

ಬೆಳಿಗ್ಗೆ ಗೌಸು ಕಿಟಕಿಯ ಗಾಜೊಂದನ್ನು ನೆಲಕ್ಕೆ ಹಾಸಿದ, ಮೇಲೆ ಪಾಲಿಶ್ ಕಾಗದ. ಕಾರ್ಬುರೇಟರಿನ ಮುಖ ಅದಕ್ಕೆ ಒತ್ತಿ ಮೆಲ್ಲಗೆ ಉಜ್ಜಿದ. ಬಿಗಿದು ಬಿಗಿದು ಮುಖ ಡೊಂಕಾಗಿತ್ತಂತೆ, ಗಾಳಿ ಎಳೆಯುತ್ತಿತ್ತಂತೆ. ಅಂಗೈ ಒತ್ತಿ ಹಿಡಿದಾಗ ಅವನ ಕೈ ನಡುಗುವುದಿಲ್ಲ. ಅದನ್ನು ಇಬ್ಬರೂ ನೋಡಿದೆವು. ಅವನು ಬೇಕಂತಲೇ ಇನ್ನಷ್ಟು ಹೊತ್ತು ಉಜ್ಜಿದ. ನಾನು ಸಾಕು ಅನ್ನಲಿಲ್ಲ.

ಪಟ್ಟಿ ಕೂತಿತು. ನಟ್ಟಿನ ಹಲ್ಲು ಹಿಡಿಸುವುದು ಅವನಿಂದಾಗಲಿಲ್ಲ. ಒಮ್ಮೆ ಬಿತ್ತು, ಇನ್ನೊಮ್ಮೆ ಬಿತ್ತು. ಎತ್ತಿಕೊಡುತ್ತಾ ನನ್ನ ಕಣ್ಣು ತುಂಬಿತು. ಎಣ್ಣೆ ಹೊಗೆ ಅಂದೆ. ಎಂಜಿನ್ನೇ ಚಾಲೂ ಇರಲಿಲ್ಲ, ಹೊಗೆ ಎಲ್ಲಿಯದು?

"ನೀ ಹಿಡಿಸು," ಅಂದ. "ತಿರಿವೂದು ನಾನು."

ಹಿಡಿಸಿದೆ. ಅವನು ನನ್ನ ಕೈ ಮೇಲೆ ಕೈ ಇಟ್ಟು ಪಾನಾ ತಿರುವಿದ. ಒಂದಿಷ್ಟು ಈ ನಟ್ಟು, ಒಂದಿಷ್ಟು ಆ ನಟ್ಟು. "ಬಸ್. ಇದಕ್ಕಿಂತ ಒಂದ ಕೂದಲೆಳಿ ಜಾಸ್ತಿ ಬ್ಯಾಡ."

ಎರಡನೇ ಕಿಕ್ಕಿಗೆ ಎದ್ದಿತು. ಸ್ಕ್ರೂಡ್ರೈವರ್ ಎರಡೂ ಕೈಯಲ್ಲಿ ಹಿಡಿದು, ಕಿವಿಕೊಟ್ಟು, ಎಂಜಿನ್ನು ನಿಂತಲ್ಲೇ ಆರದಂತೆ ಸ್ಲೋ ಸ್ಕ್ರೂ ಕೂಡಿಸಿದ. ಡುಗ್… ಡುಗ್… ಡುಗ್… ಅವನ ಮುಖ ನೋಡಬೇಕಿತ್ತು. ಮದುವೆ ಗಂಡಿನ ಹಾಗೆ.

ನಿಲೋಫರ ಬಂದು ಶಟರಿನ ಹತ್ತಿರ ನಿಂತಳು. ಅಪ್ಪ ಬೀಗ ಹಾಕಿ ಕೀಲಿ ಕೊಟ್ಟಾಗ ಅತ್ತವಳು ಅವಳೇ. "ನಾ ಸಿಟ್ಟಿಲೆ ಅಂದಿದ್ದೆ ಅಬ್ಬಾ." ಅವನು ಅವಳ ತಲೆ ಸವರಿ ಸ್ಕೂಟಿ ಹತ್ತಿ ಕುಳಿತ. ನನಗೆ ಕೈ ಸಹ ಮಾಡಲಿಲ್ಲ. ಮಾಡಿದ್ದರೆ ನಾನು ಅಲ್ಲೇ ಬೀದಿಯಲ್ಲಿ ಅಳುತ್ತಿದ್ದೆ.

ಅಸೂಟಿಯವರೆಗೆ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಇಷ್ಟು ಚಲೋ ಯಾವತ್ತೂ ಓಡಿರಲಿಲ್ಲ. ಸಿಟ್ಟು ಬಂತು.

ನವೆಂಬರ್ 28, ಗುರುವಾರ

ಗಾಡಿ ಕೆಡುತ್ತಲೇ ಇಲ್ಲ. ಹೊಲಕ್ಕೆ ಹೋಯಿತು, ಲಕ್ಕಲಕಟ್ಟಿಗೆ ಹೋಗಿ ಬಂತು, ಒಂದು ಹನಿ ಸೋರಲಿಲ್ಲ. ಬೆಳಿಗ್ಗೆ ಯಾರೂ ನೋಡದಂತೆ ಸ್ಲೋ ಸ್ಕ್ರೂ ಹೊರಗೆ ತಿರುವಿದೆ. ಎಂಜಿನ್ನು ನಿಂತಲ್ಲಿ ಆರತೊಡಗಿತು. ಹತ್ತಿದೆ, ರೋಣಕ್ಕೆ ಹೊಡೆದೆ.

ಓಣಿ ಓಣಿ ಕೇಳಿಕೊಂಡು ಮನೆ ಹುಡುಕಿದೆ. ಬಾಗಿಲು ತೆಗೆದವರು ಅವನ ಹೆಂಡತಿ ಖಾಜಾಬಿ. ನಾನೂ ಅವರನ್ನು ನೋಡಿರಲಿಲ್ಲ, ಅವರೂ ನನ್ನನ್ನು.

"ಯಾರ್ರಿ?"

"ಮೈಲಾರಪ್ಪ ಅಂತರಿ. ಅಸೂಟ್ಯಾಂವ."

ಗೊತ್ತಾಗಲಿಲ್ಲ ಅವರಿಗೆ. ಕಂಡಕ್ಟರ್ ಅಂದೆ. "ಅಯ್ಯ! ಕಂಡಕ್ಟರ್ ಅಂದ್ರ ನೀವಽ ಏನ್ರಿ? ದಿನಾ ಮನ್ಯಾಗ ನಿಮ್ಮದಽ ಸುದ್ದಿ. ಒಳಗ ಬರ್ರಿ, ಒಳಗ ಬರ್ರಿ."

ಗೌಸು ಹೊರಗೆ ಬಂದ. ತೆಳ್ಳಗಾಗಿದ್ದಾನೆ. "ಏನಾತಲೇ?" ಆರುತ್ತದೆ, ಹಾದಿಯಲ್ಲೆಲ್ಲ ತ್ರಾಸು ಕೊಟ್ಟಿತು ಅಂದೆ. ಚಾಲೂ ಮಾಡಿಸಿ ಕಿವಿಕೊಟ್ಟ. ಬಹಳ ಹೊತ್ತು ಬೇಕಾಗಲಿಲ್ಲ.

"ಸ್ಕ್ರೂ ಯಾವಾಗ ತಿರಿವಿದಿ?"

"ನಾನ್ಯಾಕ ತಿರಿವಲಿ?"

"ಮತ್ತ? ತಾನಽ ಎದ್ದು ಹೊರಗ ಬರಾಕ ಅದಕ್ಕೇನ ಕಾಲ ಅದಾವೇನು?"

ಸ್ಕ್ರೂಡ್ರೈವರ್ ನನ್ನ ಕೈಗೇ ಕೊಟ್ಟ. ಒಳಗ… ಒಳಗ… ಇನ್ನೊಂದೀಟ… ಬಸ್. ಅವನು ಹೇಳಿದ, ನಾನು ತಿರುವಿದೆ. ಕೂಡಿತು.

ಆಮೇಲೆ ಕಟ್ಟೆಯ ಮೇಲೆ ಕುಳಿತ. ಪಕ್ಕದ ಕಲ್ಲು ತಟ್ಟಿದ. "ಕುಂದ್ರು. ಗಾಡಿ ಕೆಡಸದಽ ಬಂದ್ರ ಚಹಾ ಕೊಡಂಗಿಲ್ಲಂತ ಯಾರ ಹೇಳ್ಯಾರಲೇ ನಿನಗ?"

ಕುಳಿತೆ. ಖಾಜಾಬಿ ಚಹಾ ತಂದರು, ನನಗೆ ತುಂಬ, ಅವನಿಗೆ ಅರ್ಧ. ಅವನ ಕಪ್ಪಿನ ತಳಕ್ಕೆ ನಾನು ಕೈ ಹಿಡಿದೆ. ಬೇಡ ಅನ್ನಲಿಲ್ಲ.

ಡಿಸೆಂಬರ್ 1, ಭಾನುವಾರ

ಗಾಡಿ ಸರಿಯಾಗಿದೆ. ಏನೂ ಮುಟ್ಟಿಲ್ಲ. ಒಗೆದ ಅಂಗಿ ತೊಟ್ಟೆ.

ಮಾಯವ್ವ ಕೇಳಿದಳು, "ಮತ್ತ ಏನ ಮುರಕೊಂಡ್ರಿ?"

"ಏನೂ ಇಲ್ಲ."

"ಮತ್ತ ಗೌಸುಸಾಬರ ಕಡೆ ಯಾಕ ಹೊಂಟೀರಿ?"

ಸುಮ್ಮನೆ ಅಂದೆ. ಸುಮ್ಮನೆ ಎಲ್ಲಿಗೂ ಹೋದವನಲ್ಲ ನಾನು, ಅದು ಅವಳಿಗೂ ಗೊತ್ತು. ಮುಖ ನೋಡಿದಳು. ಹಿತ್ತಲಿಗೆ ಹೋಗಿ ಚಿವುಟಿ ತಂದಿಟ್ಟಿದ್ದ ಕಡಲೆ ಸೊಪ್ಪನ್ನೆಲ್ಲ ಚೀಲಕ್ಕೆ ತುಂಬಿದಳು. ಅವರ ಮನೆಯವರ ಹೆಸರೇನು ಅಂತ ಕೇಳಿದಳು. ಖಾಜಾಬಿ ಅಂದೆ. ಈಗ ನೋಡಿದರೆ ತಾನೂ ಇಳಕಲ್ ಸೀರೆ ಉಟ್ಟು, ಹಿಂದಿನ ಸೀಟಿನ ಧೂಳು ಒರೆಸಿ, ಗಾಡಿಯ ಹತ್ತಿರ ನಿಂತಿದ್ದಾಳೆ. ಬರೆದದ್ದು ಸಾಕು ಬರ್ರಿ ಅಂತಿದ್ದಾಳೆ. ಹಾರ್ನ್ ಬೇರೆ ಒತ್ತುತ್ತಿದ್ದಾಳೆ. ಬಂದೆ, ಬಂದೆ…