ಸೀಟಿನ ಕೆಳಗಿನ ಕರಿ ಡಬ್ಬಿ

ಸಿರುಗುಪ್ಪ,
೨೧ ಡಿಸೆಂಬರ್ ೨೦೨೫, ಭಾನುವಾರ

ಪ್ರೀತಿಯ ಹಂಪೇಶಣ್ಣಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ತೆಲಂಗಾಣದ ಗದ್ದೆಗಳಲ್ಲಿ ಭತ್ತ ಕೊಯ್ಯುವ ಮಷಿನ್ ಓಡಿಸುತ್ತ ದಿನವಿಡೀ ಧೂಳು ಕುಡಿಯುತ್ತೀ. ಬಾಯಿಗೆ ಟವೆಲ್ ಕಟ್ಟಿಕೋ. ಅವ್ವ ಆರಾಮಾಗಿದ್ದಾಳೆ.

ಮೊನ್ನೆ ಎಳ್ಳು ಅಮಾವಾಸ್ಯೆಗೆ ನಮ್ಮ ಗಾಡಿ ಒರೆಸುವಾಗ ಡ್ರೈವರ್ ಸೀಟಿನ ಕೆಳಗೆ ಕರಿ ಡಬ್ಬಿಯೊಂದು ಸಿಕ್ಕಿತು. ಅದಕ್ಕೊಂದು ಮೋಟು ಏರಿಯಲ್. ಹಾಡು ಬರುತ್ತದೇನೋ ಎಂದು ಗುಂಡಿ ತಿರುಗಿಸಿದೆ. ಗೊರಗೊರ ಸದ್ದಿನ ನಡುವೆ ಯಾರೋ "ಕುರುಗೋಡು ಕ್ರಾಸ್‌ನಾಗ ಎರಡು ಗಾಡಿ ತಡದೀವಿ ಸರ್" ಎಂದರು. ಹೆದರಿ ಆರಿಸಿಬಿಟ್ಟೆ. ಭತ್ತದ ಚೀಲ ಹೊರುವ ಗಾಡಿಗೆ ಪೊಲೀಸರ ಮಾತು ಯಾಕೆ ಬೇಕು? ದೀಪಾವಳಿ ಮುಗಿದ ಮೇಲೆ ನೀನು ಕೀಲಿ ಕೊಟ್ಟು ಹೋದ ಹೊಸ ಡ್ರೈವರ್ ಹುಲುಗೇಶನನ್ನು ಕೇಳಿದರೆ ನಕ್ಕುಬಿಟ್ಟ. "ನಾ ಬರೂಕಿಂತ ಮೊದ್ಲ ಐತೆವ್ವಾ. ನೀ ಪುಸ್ತಕ ಓದಾಕಿ, ಇದನ್ಯಾಕ ಓದ್ತಿ?" ಆ ನಗು ನನಗೆ ಸರಿಬರಲಿಲ್ಲ. ನಿನ್ನೆ ಬಳ್ಳಾರಿಗೆ ಹೋಗಿದ್ದೆ. ಬ್ರೂಸ್‌ಪೇಟೆಯಲ್ಲಿ ಗೆಳತಿಯ ಅಕ್ಕ, ವಕೀಲೆ ನೀಲಾವತಿ ಸಿಕ್ಕರು. "ಕೇಳೂದು ಒತ್ತಟ್ಟಿಗಿರ್ಲಿ, ಲೈಸೆನ್ಸ್ ಇಲ್ದ ಇಂಥಾ ವೈರ್‌ಲೆಸ್ ಇಟ್ಕೊಂಡಿರೂದ ತಪ್ಪು. ಗಾಡಿ ಯಾರ ಹೆಸರಿಗೈತಿ ಅಂತ ಮೊದ್ಲು ನೋಡ್ತಾರ" ಎಂದರು. ಗಾಡಿ ನಿನ್ನ ಹೆಸರಿಗಿದೆ ಎಂದು ಹೇಳದೆ ಬಸ್ ಹತ್ತಿ ಬಂದುಬಿಟ್ಟೆ.

ಉಜ್ಜಿನಪ್ಪ ಕಾಕಾನಿಗೆ ಮಾತ್ರ ಅನುಮಾನವೇ ಇಲ್ಲ. "ಹೊಳಿ ಉಸುಕು ಕದ್ದು ಹೊಡಿಯೋ ಮಂದಿ ಇದನ್ನ ಇಟ್ಕೊಂಡ ರೇಡ್ ತಪ್ಪಿಸ್ಕೊಂತಾರ. ಬುಧವಾರ ಆ ಹುಲುಗ್ಯಾನ್ನ ಸ್ಟೇಷನ್ನಿಗೆ ಒಪ್ಪಸ್ತೀನಿ" ಎಂದು ಕೀಲಿ ಕಿತ್ತುಕೊಂಡಿದ್ದಾನೆ. ಹುಲುಗೇಶ ನಮ್ಮ ಕಟ್ಟೆಯ ಮೇಲೆ ಕೂತು, ಹಂಪೇಶಣ್ಣ ಬರಲಿ, ಅವನೇ ಹೇಳುತ್ತಾನೆ ಎನ್ನುತ್ತಿದ್ದ. ಅವ್ವ ಅವನಿಗೆ ನೀರು ಸಹ ಕೊಡಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಆಶೀರ್ವಾದ ನಿನಗಿದೆ.

ನಿನ್ನ ತಂಗಿ,
ಅನುಷಾ

ಮರೆತ ಮಾತು: ನಿಮ್ಮ ಮಷಿನ್ನಿನ ಮೇಲೆ ಕೆಲಸ ಮಾಡುವ ದೊಡ್ಡಬಸಪ್ಪ ನೀನಿದ್ದಲ್ಲಿಗೆ ಹೊರಟಿದ್ದಾನೆ, ಅವನ ಕೈಲೇ ಇದನ್ನು ಕೊಡುತ್ತಿದ್ದೇನೆ. ಫೋನಿನಲ್ಲಾದರೆ ಅವ್ವ ಪಕ್ಕದಲ್ಲೇ ಇರುತ್ತಾಳೆ. ಅಣ್ಣಾ, ಆ ಡಬ್ಬಿಯ ಬೆನ್ನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ ಒಣಗಿ ಕೂತಿದೆ. ಆಯುಧಪೂಜೆಯ ದಿನ ಜಾಕಿ, ಪಾನಾಗಳಿಗೆಲ್ಲ ಹಚ್ಚಿದವನು ನೀನು. ಹುಲುಗೇಶ ಆಗಿನ್ನೂ ನಮ್ಮ ಗಾಡಿ ಹತ್ತಿರಲಿಲ್ಲ. ಬುಧವಾರದೊಳಗೆ ಕಾಕಾನಿಗೆ ನೀನೇ ಫೋನ್ ಮಾಡು. ನಾಲ್ಕು ಜನರ ಮುಂದೆ ಮಾತಾಡಲು ನಾನೆಷ್ಟು ಹೆದರುತ್ತೇನೆಂದು ನಿನಗೆ ಗೊತ್ತು. ನೀನು ಮಾಡದಿದ್ದರೆ, ಬುಧವಾರ ನಾನು ಮಾತಾಡುತ್ತೇನೆ.